ಬಿಸಿಲಿನ ಕಡೆಯ ದಾರ

"ಕೈ ತೆಗಿ! ಅದನ್ನ ಮುಟ್ಟಿದ್ರೆ ನೋಡು!"

ಒಫೆಲಿಯಾ ಕಿರುಚಿದ ರಭಸಕ್ಕೆ ಆ ಅಪರಿಚಿತ ಎರಡು ಹೆಜ್ಜೆ ಹಿಂದೆ ಸರಿದ.

"ಮುಟ್ಟದೆ ಎತ್ತೋದು ಹೇಗೆ ಸೆನ್ಯೋರೀತಾ? ಮಂತ್ರ ಹಾಕ್ಲಾ?"

ಅವನು ಫೌಸ್ತೀನೊ. ಕಳ್ಳಿಗಿಡಗಳ ತೋಟ ಕಟ್ಟುವವನು, ಪುಯೆಬ್ಲಾ ಕಡೆಯವನು. ಅವಳ ಚಿಕ್ಕಮ್ಮ ತೊಮಾಸಾ ಹೇಳಿ ಕಳುಹಿಸಿದ್ದಳು. ಕಾದೆರೆಯ್ತಾ ಊರಿನ ಅವರ ಬಾಡಿಗೆ ಮನೆಯ ಅಂಗಳವನ್ನು ಯಜಮಾನ ಖಾಲಿ ಮಾಡಿ ಅಂದಿದ್ದ. ಕುಂಡಗಳನ್ನೆಲ್ಲ ಹೊಸ ಮನೆಗೆ ಸಾಗಿಸಿಯಾಗಿತ್ತು. ಉಳಿದದ್ದು ಹಂಡೆಯಷ್ಟು ದಪ್ಪದ ಬಿಸ್ನಾಗ ಕಳ್ಳಿ ಒಂದೇ. ಅದು ಅಮ್ಮ ಹುಡುಗಿಯಾಗಿದ್ದಾಗ ನೆಟ್ಟದ್ದು. ಅಮ್ಮ ಸತ್ತು ಎರಡು ವರ್ಷವಾಗಿತ್ತು.

"ಇದಕ್ಕೇನಾದ್ರೂ ಆದ್ರೆ ನಾನು ಉಳಿಯಲ್ಲ," ಎಂದಳು.

ಅವನು ಆಮೇಲೆ ತಮಾಷೆ ಮಾಡಲಿಲ್ಲ.

ಹೊಸ ಅಂಗಳದಲ್ಲಿ ಅವನು ಹನ್ನೊಂದು ದಿನ ದುಡಿದ. ಕಪ್ಪು ಜಲ್ಲಿ ಹರಡಿದ, ನಡುವೆ ಬಿಸ್ನಾಗಕ್ಕೆ ಜಾಗ ಬಿಟ್ಟು ಸುತ್ತಲೂ ದಪ್ಪ ಎಲೆಯ ಪುಟ್ಟ ಗಿಡಗಳನ್ನು ನೆಟ್ಟ. ಒಡೆದ ಮಡಕೆಗಳಲ್ಲೂ ಗಿಡ ಕೂರಿಸಿದ. ಅವಳು ನೊಪಾಲ್ ಕಳ್ಳಿಯ ಪಲ್ಯ ಸುತ್ತಿದ ತೊರ್ತಿಯಾ ರೊಟ್ಟಿ ಕೊಟ್ಟರೆ ನಿಂತೇ ತಿನ್ನುತ್ತಿದ್ದ.

"ಕೂತ್ಕೊಂಡು ತಿನ್ನೋ, ಕುದುರೆ!" ಎಂದು ತೊಮಾಸಾ ಬೈಯುತ್ತಿದ್ದಳು.

ಹನ್ನೊಂದನೆಯ ದಿನ ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಆ ಬಿಸ್ನಾಗ ಹೊಸ ಜಾಗದಲ್ಲಿ ಹೂ ಬಿಡಲಿ. ಆಗ ನಿನ್ನನ್ನ ಒಂದು ಮಾತು ಕೇಳ್ತೀನಿ."

ಒಫೆಲಿಯಾ ಮನಸ್ಸಿನಲ್ಲೇ ಅಂದುಕೊಂಡಳು: *ಈಗಲೇ ಕೇಳಬಾರದಾ...!*

ಕಳ್ಳಿಯನ್ನು ಕಿತ್ತು ನೆಡುವಾಗ ದಿಕ್ಕು ತಪ್ಪಬಾರದು. ವರ್ಷಗಟ್ಟಲೆ ಬಿಸಿಲು ಕುಡಿದ ಮೈ ಗಟ್ಟಿ, ನೆರಳಿನ ಮೈ ಎಳೆಯದು. ತಿರುಗಿಸಿ ನೆಟ್ಟರೆ ಎಳೆಯ ಮೈ ಸುಟ್ಟುಹೋಗುತ್ತದೆ. ಅದಕ್ಕೇ ಮೊದಲು ಗುರುತಿಗೆ ದಾರ ಕಟ್ಟುವುದು. ಬಿಸ್ನಾಗ ಸಾಗಿಸುವ ದಿನ ಒಫೆಲಿಯಾ ತಾನೇ ಕೆಂಪು ದಾರ ಕಟ್ಟಿದಳು. ಬೇರು ಕತ್ತರಿಸುವುದನ್ನು ನೋಡಲಾರದೆ ಇಗರ್ಜಿಗೆ ಹೋಗಿ ಕುಳಿತಳು. ಬರುವಷ್ಟರಲ್ಲಿ ಫೌಸ್ತೀನೊ ಹೊಸ ಅಂಗಳದಲ್ಲಿ ನೆಟ್ಟು, ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ.

ಮೂರು ವಾರಕ್ಕೆ ಬಿಸ್ನಾಗದ ಒಂದು ಮೈ ಬಿಳಿಚಿತು. ಆಮೇಲೆ ಕಂದಾಯಿತು. ಆಮೇಲೆ ಕೊಳೆಯತೊಡಗಿತು.

"ತಿರುಗಿಸಿ ನೆಟ್ಟಿದ್ದೀಯ! ಇಷ್ಟೂ ಗೊತ್ತಾಗಲ್ವಾ ನಿಂಗೆ? ನಮ್ಮಮ್ಮನ್ನ ಎರಡನೇ ಸಲ ಕೊಂದೆ!"

"ಒಫೆಲಿಯಾ... ನಾನು ದಾರ ನೋಡೇ..."

"ಹೋಗು! ಮುಖ ತೋರಿಸ್ಬೇಡ!"

ಅವನು ಸನಿಕೆ ಎತ್ತಿಕೊಂಡು ಹೋದ. ಯಾಕೆ ಏನು ಎಂದು ಒಂದು ಮಾತು ಆಡಿದ್ದರೆ ಇಬ್ಬರಿಗೂ ಏನು ಗಂಟು ಹೋಗುತ್ತಿತ್ತು? ಆದರೆ ದುಃಖಕ್ಕೆ ಕಿವಿ ಎಲ್ಲಿರುತ್ತದೆ!

ಮಳೆಗಾಲ ಕಳೆಯುವಷ್ಟರಲ್ಲಿ ಬಿಸ್ನಾಗ ಕುಸಿದುಬಿತ್ತು. ಒಫೆಲಿಯಾ ಊಟ ಬಿಟ್ಟಳು, ಕುಂಡಗಳಿಗೆ ನೀರು ಹಾಕುವುದನ್ನು ಬಿಟ್ಟಳು. ಬೆಳಗಾಗುವುದೇ ಬೇಡ ಅನ್ನಿಸುತ್ತಿತ್ತು. ಅವಳ ಪಾಲಿಗೆ ಅಮ್ಮನೂ ಇರಲಿಲ್ಲ, ಗಿಡವೂ ಇರಲಿಲ್ಲ, ಅವನೂ ಇರಲಿಲ್ಲ.

ಸತ್ತವರ ಹಬ್ಬಕ್ಕೆ ಅಮ್ಮನ ಗೋರಿಗೆ ಹೋದಾಗ, ಸ್ಮಶಾನದ ಗೇಟಿನ ಬಳಿ ಯಾರೋ ಮೊಣಕಾಲೂರಿ ಕಳ್ಳಿ ಕೀಳಲು ಅಣಿಯಾಗುತ್ತಿದ್ದರು. ಆ ಬೆನ್ನು ಅವಳಿಗೆ ಗೊತ್ತು.

ಬೈಯಬೇಕೆಂದೇ ಹತ್ತಿರ ಹೋದಳು. ಅವನು ಗಿಡಕ್ಕೆ ದಾರ ಕಟ್ಟುತ್ತಿದ್ದ. ಅದೇ ಕೆಂಪು ದಾರ.

ನೆರಳಿನ ಕಡೆಗೆ ಕಟ್ಟುತ್ತಿದ್ದ.

"ಆ ಕಡೆಗ್ಯಾಕೆ?" ಎಂದಳು.

ಅವನು ಬೆಚ್ಚಿ ತಿರುಗಿದ. "ನೆರಳಿನ ಕಡೆಗೇ ತಾನೆ ಕಟ್ಟೋದು? ನಮ್ಮೂರಲ್ಲಿ ಎಲ್ಲರೂ..."

"ನಮ್ಮಮ್ಮ ಬಿಸಿಲಿನ ಕಡೆಗೆ ಕಟ್ತಿದ್ರು... ನಾನೂ ಹಾಗೇ ಕಟ್ಟಿದ್ದೆ ಫೌಸ್ತೀನೊ!"

ಅವನ ಕೈಯಿಂದ ದಾರ ಜಾರಿತು. ಅವನು ದಾರದ ಕಡೆಯನ್ನೇ ನೆರಳಿಗೆ ತಿರುಗಿಸಿ ನೆಟ್ಟಿದ್ದ.

"ಅವತ್ತು ಯಾಕೆ ಸುಮ್ನೆ ಹೋದೆ? ತಿರುಗಿ ಬೈಬಾರ್ದಿತ್ತಾ?"

"ನೀನು ಅಳ್ತಿದ್ದೆ. ನನ್ನ ಕೈಯಿಂದ್ಲೇ ಹೋಯ್ತು ಅಂದ್ಕೊಂಡೆ. ಆರು ತಿಂಗಳಿಂದ ಈ ಕೈ ನೋಡ್ಕೊಂಡು ಊಟ ಮಾಡಕ್ಕೂ ಆಗ್ತಿಲ್ಲ ಒಫೆಲಿಯಾ."

ಅವಳು ಆ ಮಣ್ಣು ಮೆತ್ತಿದ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ತಪ್ಪು ಯಾರದೆಂದು ತಿಳಿದರೂ ಬಿಸ್ನಾಗ ಬರುವುದಿಲ್ಲ. ಅಷ್ಟು ದೊಡ್ಡದು ಇನ್ನೊಂದು ಬೆಳೆಯುವಷ್ಟರಲ್ಲಿ ಅವರಿಬ್ಬರೂ ಮುದುಕರಾಗಿರುತ್ತಾರೆ.

"ಹೂ ಬಿಟ್ಟಾಗ ಕೇಳ್ತೀನಿ ಅಂದಿದ್ದೆ," ಎಂದಳು ಕೊನೆಗೆ. "ಅದು ಇನ್ನು ಹೂ ಬಿಡಲ್ಲ. ಈಗಲೇ ಕೇಳು."

"ಹೇಗೆ ಕೇಳ್ಲಿ? ಯಾವ ಮುಖ ಇಟ್ಕೊಂಡು..."

"ಕೇಳೋ!"

"...ನನ್ನ ಜೊತೆ ಇರ್ತೀಯಾ?"

"ಇರ್ತೀನಿ. ಆದ್ರೆ ದಾರ ಮಾತ್ರ ನಾನೇ ಕಟ್ಟೋದು."

"ಕಟ್ಟು," ಎಂದ ಅವನು, ಅವಳ ಕಣ್ಣೊರೆಸುತ್ತಾ. "ಕಟ್ಟಿದ ಮೇಲೆ ಯಾವ ಕಡೆ ಅಂತ ನಂಗೊಂದು ಮಾತು ಹೇಳು, ಅಷ್ಟೇ."