ಮೆತ್ತೆ ಇಟ್ಟ ಹಲ್ಲು

ನೀಲವ್ವ ಖಡಕ್ ರೊಟ್ಟಿಯ ಅಂಚನ್ನು ಕಟಕ್ಕನೆ ಕಡಿದಳು. ಕೆಳದವಡೆಯ ಹಲ್ಲು ಸೂಜಿಯಂತೆ ಚುಚ್ಚಿತು.

"ಚುಚ್ಚು, ಎಷ್ಟು ಚುಚ್ಚತಿ ಚುಚ್ಚು!" ಎಂದು ಬೈದು ಇನ್ನೊಮ್ಮೆ ಕಡಿದಳು. ಸದ್ದು ಸರಿಯಾಗಿತ್ತು. ಗದಗಿನ ಅವಳ ಖಾನಾವಳಿಯಲ್ಲಿ ಪ್ರತಿ ಬುಟ್ಟಿಯಿಂದ ಒಂದು ರೊಟ್ಟಿ ಅವಳ ಹಲ್ಲಿನಡಿ ಸದ್ದು ಮಾಡಿ ಪಾಸಾಗಬೇಕು. ಆಮೇಲೆಯೇ ಉಳಿದವು ತಾಟಿಗೆ. ಮೂವತ್ತು ವರ್ಷದ ರೂಢಿ ಅದು. ಕಡಿದು ಉಳಿದ ರೊಟ್ಟಿಯನ್ನು ಸಿಟ್ಟಿನಿಂದ ಕೈಚೀಲಕ್ಕೆ ತುರುಕಿ, ಹಲ್ಲಿನ ತಪಾಸಣೆಗೆಂದು ಗಂಡನೊಂದಿಗೆ ದವಾಖಾನೆಗೆ ಹೊರಟಳು.

ಆ ಹಲ್ಲಿನ ಹೆಸರು ಕಾವಲುಹಲ್ಲು. ಎರಡು ವರ್ಷದ ಹಿಂದೆ ಅವಳಿಗೂ ಗಂಡ ಸಂಗನಬಸಪ್ಪನಿಗೂ ಒಂದೇ ದಿನ ನಾಲ್ಕು ನಾಲ್ಕು ಕೂರಿಸಿದ್ದರು. ದವಡೆಯ ಎಲುಬಿಗೆ ತಿರುಪಿದ ಲೋಹದ ಬೇರು, ಅದರ ಮೇಲೊಂದು ಹಲ್ಲು. ಇಷ್ಟು ಹಳೆಯದೇ. ಹೊಸದೆಂದರೆ ಬೇರಿನ ಕುತ್ತಿಗೆಯಲ್ಲಿದ್ದ ಭಾರಹೀರುಕ, ಅಂದರೆ ಒಂದು ಪುಟ್ಟ ಮೆತ್ತೆ. ಅಗಿಯುವಾಗಿನ ಒತ್ತಡವನ್ನೆಲ್ಲ ಅದೇ ನುಂಗಿ, ಎಲುಬಿಗೆ ಏನೂ ತಾಗದಂತೆ ಕಾಯುತ್ತಿತ್ತು. ಮಿತಿ ಮೀರಿ ಕಡಿದರೆ ಚುಚ್ಚುತ್ತಿತ್ತು. ಜೊತೆಗೆ ದವಾಖಾನೆಯ ಯಂತ್ರಕ್ಕೆ ಚಾಡಿ ಹೇಳುತ್ತಿತ್ತು.

"ಹನ್ನೊಂದು ಸಾವಿರ ಸಲ ಮಿತಿ ಮೀರಿ ಕಡಿದಿದ್ದೀರಿ, ನೀಲವ್ವನವರೇ," ಎಂದರು ಆ ಹಲ್ಲನ್ನು ರೂಪಿಸಿದ ಡಾಕ್ಟರ್ ಸುಮೇಧಾ. "ಎಲುಬು ಸವೆದುಹೋಗಿರುತ್ತದೆ. ಇವತ್ತೇ ಕೀಳಬೇಕಾಗಬಹುದು. ಮತ್ತೆ ನೆಡಲು ಜಾಗವೂ ಇರಲಿಕ್ಕಿಲ್ಲ."

"ಕಿತ್ತರ ನನ್ನ ರೊಟ್ಟಿ ನೀವು ಬಂದು ಕಡದು ನೋಡ್ತೀರೇನ್ರಿ?"

"ನಿಮ್ಮ ಯಜಮಾನರನ್ನು ನೋಡಿ ಕಲಿಯಿರಿ. ಒಂದೇ ಒಂದು ತಪ್ಪಿಲ್ಲ."

ಸಂಗನಬಸಪ್ಪ ಮೀಸೆ ತಿರುವಿದ. ಆ ಹೆಗ್ಗಳಿಕೆ ಅರ್ಧ ನೀಲವ್ವನದು. ಎರಡು ವರ್ಷ ದಿನವೂ ಅವಳೇ ಅವನ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ, "ಗಟ್ಟಿ ತಿಂದ್ರ ನೋಡ್ರಿ ಮತ್ತ!" ಎಂದು ಹೆದರಿಸಿ ಉಣಿಸಿದ್ದಳು.

ಇಬ್ಬರ ಎಲುಬಿನ ಚಿತ್ರಗಳು ಪರದೆಯ ಮೇಲೆ ಬಂದವು. ಸುಮೇಧಾ ಹೆಸರುಗಳನ್ನು ಎರಡು ಸಲ ಓದಿದರು. ಅದಲುಬದಲಾಗಿರಬೇಕೆಂದು ಮತ್ತೆ ಚಿತ್ರ ತೆಗೆಸಿದರು. ಬದಲಾಗಲಿಲ್ಲ. ನೀಲವ್ವನ ಬೇರುಗಳ ಸುತ್ತ ಎಲುಬು ಕಲ್ಲಿನಂತೆ ಕಟ್ಟಿಕೊಂಡಿತ್ತು. ಸಂಗನಬಸಪ್ಪನ ಎಡಗಡೆಯ ಎರಡು ಬೇರುಗಳು ಉಸುಕಿನಲ್ಲಿ ನೆಟ್ಟ ಗೂಟದಂತೆ ನಿಂತಿದ್ದವು.

"ಎಲುಬಿಗೂ ದುಡಿಮೆ ಬೇಕು," ಎಂದರು ಸುಮೇಧಾ, ಸಣ್ಣ ದನಿಯಲ್ಲಿ. "ಭಾರ ಬಿದ್ದರೆ ಗಟ್ಟಿಯಾಗುತ್ತದೆ, ಬೀಳದಿದ್ದರೆ ಕರಗುತ್ತದೆ. ನೀವು ಮಿತಿ ಮೀರಿದಾಗಲೆಲ್ಲ ಮೆತ್ತೆ ಪೂರ್ತಿ ಅಮುಕಿಹೋಗಿ ಭಾರ ಎಲುಬಿಗೆ ಇಳಿದಿದೆ. ಇವರಿಗೆ ಎರಡು ವರ್ಷ ಏನೂ ಇಳಿದಿಲ್ಲ. ಮೆತ್ತೆ ಅಷ್ಟು ಕಾಯಬಾರದಿತ್ತು. ನಾವು ಇದನ್ನು ಊಹಿಸಿರಲಿಲ್ಲ."

"ಊಹಿಸಿರಲಿಲ್ಲ?" ನೀಲವ್ವ ಮೇಜು ಗುದ್ದಿದಳು. "ಕಟ್ಟಿ ಹಾಕಿದ ಎತ್ತು ಕಾಲು ಸೋಲತೈತಿ ಅಂತ ಓದು ಬಾರದ ನನಗ ಗೊತ್ತೈತಿ, ನಿಮಗ ಗೊತ್ತಿಲ್ಲ? ನಿಮ್ಮ ಮಾತು ನಂಬಿ ನನ್ನ ಕೈಯಾರೆ ನೆನಸಿ ನೆನಸಿ ಕೊಟ್ಟೀನ್ರಿ! ಇದೇ ಕೈಲೆ!"

ದನಿ ಒಡೆಯಿತು. ಸಂಗನಬಸಪ್ಪ ಮೆಲ್ಲಗೆ, "ಮದುವಿಯಾದ ಮ್ಯಾಲೆ ಮೊದಲನೇ ಸಲ ನಿನ್ನ ಮಾತು ಕೇಳಿದ್ದೆ," ಎಂದ.

"ಬಾಯಿ ಮುಚ್ಚರಿ!" ಎಂದು ಗದರಿ, ಸೆರಗಿನಿಂದ ಕಣ್ಣೊರೆಸಿಕೊಂಡು ಡಾಕ್ಟರ ಕಡೆ ತಿರುಗಿದಳು. "ಏನರ ಉಳೀತೈತೋ, ಎಲ್ಲಾ ಹೋತೋ?"

"ಎಡಗಡೆಯವು ಹೋದವು, ಕೀಳಲೇಬೇಕು. ಬಲಗಡೆಯ ಎರಡಕ್ಕೆ ಇನ್ನೂ ಹಿಡಿತ ಇದೆ. ದಿನಾ ಸ್ವಲ್ಪಸ್ವಲ್ಪ ಭಾರ ಕೊಟ್ಟರೆ ಉಳಿಯಬಹುದು."

ನೀಲವ್ವ ಕೈಚೀಲದಿಂದ ಖಡಕ್ ರೊಟ್ಟಿ ತೆಗೆದು, ಸಣ್ಣ ತುಂಡು ಮುರಿದು ಗಂಡನ ಮುಂದೆ ಹಿಡಿದಳು.

"ಬಲಕ್ಕಿಟ್ಟು ಕಡೀರಿ."

"ಚುಚ್ಚತೈತೆಲೇ."

"ಚುಚ್ಚಲಿ."

ಕಟಕ್! ಅವನು ಮುಖ ಕಿವುಚಿದ. ಯಂತ್ರ ಇಂಪಾದ ದನಿಯಲ್ಲಿ, "ದಯವಿಟ್ಟು ಮೆತ್ತಗಿನ ಆಹಾರ ಸೇವಿಸಿ," ಎಂದಿತು.

ನೀಲವ್ವ ಯಂತ್ರಕ್ಕೆ ಬಡಿಯಲು ಕೈಯೆತ್ತಿದಳು. ಅಷ್ಟರಲ್ಲಿ ಸುಮೇಧಾ ಎದ್ದು ಅದರ ವೈರನ್ನೇ ಕಿತ್ತರು.

"ಇವರಿಗೆ ಇನ್ನೊಂದು ತುಂಡು ಕೊಡಿ," ಎಂದರು.