ಅಚ್ಚಿನ ತಳದ ಮಾತು

"ಅಯ್ಯೋ, ಅದು ನೀರಲ್ಲ ಕಣಪ್ಪಾ!"

ಅಮ್ಮನ ಕೂಗಿಗೆ ಮಗಳು ಗಕ್ಕನೆ ತಿರುಗಿದಳು. ಸೋಪಿನ ಅಚ್ಚು ತಂದುಕೊಟ್ಟ ಹೊಸ ಬಡಗಿ, ಕೈಗೆ ಮೆತ್ತಿದ್ದ ಮರದ ಪುಡಿ ತೊಳೆಯಲು ಸ್ಟೀಲ್ ಪಾತ್ರೆಯತ್ತ ಬಗ್ಗಿದ್ದ. ಅದರಲ್ಲಿದ್ದದ್ದು ಆಗಷ್ಟೇ ಕರಗಿಸಿದ ಕಾಸ್ಟಿಕ್ ಸೋಡಾ! ನೋಡಲು ತಿಳಿನೀರು, ಕೈಯಿಟ್ಟರೆ ಚರ್ಮವೇ ಸುಲಿದು ಬರುತ್ತದೆ.

ಅವಳು ಒಂದೇ ನೆಗೆತಕ್ಕೆ ಬಂದು ಅವನ ಮಣಿಕಟ್ಟು ಹಿಡಿದೆಳೆದಳು.

"ಕಣ್ಣಿಲ್ವೇನ್ರೀ ನಿಮಗೆ?"

"ಇದೆ... ನೀರು ಅಂದ್ಕೊಂಡೆ..."

"ಕಣ್ಣಿಲ್ಲದೋಳು ನಾನು ಕಣೇ," ಮೂಲೆಯ ಸ್ಟೂಲಿನಿಂದ ಅಮ್ಮ ನಕ್ಕಳು. "ಅವನ ಚಪ್ಪಲಿ ಸದ್ದು ಆ ಕಡೆ ಹೋಗಿದ್ದಕ್ಕೆ ಗೊತ್ತಾಯ್ತು. ಬಿಟ್ಟೆಯೋ, ಇನ್ನೂ ಹಿಡ್ಕೊಂಡೇ ಇದ್ದೀಯೋ?"

ಹೌದು, ಇನ್ನೂ ಹಿಡಿದೇ ಇದ್ದಳು! ಅವಳ ಮುಖ ಕೆಂಪಾಯಿತು.

ಎರಡು ಕೋಣೆಯ ಮನೆ. ಮುಂದಿನ ಕೋಣೆಯೇ ಸೋಪಿನ ಕಾರ್ಖಾನೆ. ಮಗಳು ಎಣ್ಣೆ ಕಾಯಿಸುವಳು, ಕಾಸ್ಟಿಕ್ ನೀರು ಬೆರೆಸುವಳು, ದೋಸೆ ಹಿಟ್ಟಿನ ಹದಕ್ಕೆ ಬರುವ ತನಕ ತಿರುಗಿಸುವಳು. ಕಣ್ಣು ಮಂಜಾದ ಅಮ್ಮನದು ಒಂದೇ ಕೆಲಸ. ಮರದ ಅಚ್ಚುಗಳ ಒಳಗೆ ಬೆರಳಿನಿಂದಲೇ ತಡವಿಕೊಂಡು ಬೆಣ್ಣೆ ಕಾಗದ ಹಾಸುವುದು. ಕಾಗದವಿಲ್ಲದಿದ್ದರೆ ಸೋಪು ಮರಕ್ಕೆ ಕಚ್ಚಿಕೊಂಡು ಏಳುವುದೇ ಇಲ್ಲ.

ಬಡಗಿ ಬರುತ್ತಲೇ ಇದ್ದ. ಮುಚ್ಚಳ ಸಡಿಲ ಎಂದು ಒಮ್ಮೆ, ಮೂಲೆ ಬಿಟ್ಟಿದೆ ಎಂದು ಒಮ್ಮೆ. ಮಾತು ಮಾತ್ರ ತೂಕ ಹಾಕಿ ಆಡುವವನು. ಅಮ್ಮ ಅವನಿಗೆ 'ಮೂಕಪ್ಪ' ಎಂದೇ ಹೆಸರಿಟ್ಟಿದ್ದಳು.

"ಏನೋ ಮೂಕಪ್ಪ, ಇವತ್ತೆಷ್ಟು ಮಾತು ತಂದಿದ್ದೀಯ?"

"ಎರಡು, ಅಮ್ಮಾ."

"ಆಗಲೇ ಖರ್ಚಾಗೋಯ್ತಲ್ಲೋ!"

ಅವಳು ತುಟಿ ಕಚ್ಚಿ ನಗು ನುಂಗುತ್ತಿದ್ದಳು. ಅವನು ಬಾರದ ವಾರ ಕೋಣೆಯೇ ಬಿಕೋ ಎನ್ನುತ್ತಿತ್ತು. ಇದೇನಾಗಿದೆ ನನಗೆ... ಅಂಥದ್ದೇನಿದೆ ಈ ಮೂಕಪ್ಪನಲ್ಲಿ!

ಒಂದು ಬೆಳಿಗ್ಗೆ ಅವನು ಹೊಸ ಅಚ್ಚು ತಂದ. ಯಾಕೋ ಬೆವರಿದ್ದ.

"ಇದರಲ್ಲಿ ಹಾಕಿ ನೋಡಿ. ಸೋಪು ಬಿಚ್ಚಿದ ಮೇಲೆ... ಏನನ್ಸುತ್ತೋ ಹೇಳಿ."

ಎರಡು ದಿನ ಬಿಟ್ಟು ಬಂದವನು ಬಾಗಿಲಲ್ಲೇ ನಿಂತ. ಅವಳು ಕೈಯೊರೆಸಿಕೊಳ್ಳುತ್ತಾ ಹೇಳಿದಳು.

"ನೋಡಿದೆ. ನಮಗೆ ಇಂಥದ್ದೆಲ್ಲ ಬೇಡ. ಮೊದಲು ಹೇಗಿತ್ತೋ ಹಾಗೇ ಇರ್ಲಿ."

ಅವಳು ಹೇಳಿದ್ದು ಅಚ್ಚಿನ ಆಳದ ಬಗ್ಗೆ. ಸೋಪು ಬೆರಳುದ್ದ ದಪ್ಪಗೆ ಬಂದಿತ್ತು, ಅಷ್ಟೇ.

ಅವನ ಮುಖ ಸುಣ್ಣದ ಗೋಡೆಯಾಯಿತು. "ಸರಿ," ಎಂದ. ಹೋದವನು ಹೋಗೇ ಬಿಟ್ಟ.

ಒಂದು ವಾರ. ಒಂದು ತಿಂಗಳು. ಊರನ್ನೇ ಬಿಟ್ಟನಂತೆ ಎಂದು, ಅವನು ಹಲಗೆ ಕೊಳ್ಳುತ್ತಿದ್ದ ಮರದ ಅಂಗಡಿಯವರು ಹೇಳಿದರು.

ಒಂದು ಮಾತು ಹೇಳಿ ಹೋಗಬಾರದಿತ್ತಾ? ಅಷ್ಟಕ್ಕೂ ನಾನು ಅವನಿಗೆ ಏನಾಗಬೇಕು...

ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅಳು ಬಂತು. ಅಳು ಮಾತ್ರ ಇಳಿಯಲಿಲ್ಲ.

ಎರಡು ವರ್ಷ ಕಳೆಯಿತು. ಅಮ್ಮ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಹಳೆಯದೇ ನೆನಪು, ಹಳೆಯದೇ ಮಾತು.

"ನಮ್ಮ ಮೂಕಪ್ಪ ಯಾಕೆ ಬರ್ತಿಲ್ಲ?"

"ಅವನ ಸುದ್ದಿ ಬಿಡಮ್ಮ."

"ನಿಂಗೊಂದು ಗುಟ್ಟು ಹೇಳ್ತೀನಿ, ಬೈಬಾರ್ದು. ಅವನು ಕೊನೇಲಿ ತಂದ ಅಚ್ಚಿತ್ತಲ್ಲ, ಅದರ ತಳ ಪೂರ್ತಿ ಗೀರು ಬಿದ್ದಿತ್ತು ಕಣೇ. ಉಳಿ ಜಾರಿತ್ತೋ ಏನೋ ಪಾಪ. ನೀನು ಹುಡುಗನ್ನ ಬೈದು ಕಳಿಸ್ತೀಯ ಅಂತ ಎರಡೆರಡು ಪದರ ಕಾಗದ ಅಂಟಿಸಿಬಿಟ್ಟೆ."

ಅಮ್ಮ ಕಳ್ಳಿಯ ಹಾಗೆ ನಕ್ಕಳು. ಮೂರನೆಯ ದಿನ ಹೊರಟುಹೋದಳು.

ತಿಂಗಳ ಮೇಲೆ ಅವಳು ಒಲೆ ಹಚ್ಚಿದಳು. ಕಾಗದ ಹಾಸುವ ಕೈ ಇಲ್ಲ. ಸ್ಟೂಲು ಖಾಲಿ. ಅಟ್ಟದಿಂದ ಎಲ್ಲ ಅಚ್ಚು ಇಳಿಸುವಾಗ ಆ ಆಳದ ಅಚ್ಚು ಸಿಕ್ಕಿತು. ಅಮ್ಮ ಅಂಟಿಸಿದ ಕಾಗದ ಇನ್ನೂ ಹಾಗೇ ಇತ್ತು. ಅಮ್ಮನ ಬೆರಳು ಓಡಾಡಿದ ಕಾಗದ... ಕೀಳಲು ಮನಸ್ಸಾಗಲಿಲ್ಲ. ಆದರೂ ಕಿತ್ತಳು.

ತಳದಲ್ಲಿ ಗೀರುಗಳು. ಆದರೆ ಉಳಿ ಜಾರಿದ ಗೀರಲ್ಲ! ಸಾಲಾಗಿವೆ, ಸೊಟ್ಟ ಸೊಟ್ಟ, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ...

ಹಳೆಯ ಸೋಪೊಂದನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ತಳಕ್ಕೆ ಒತ್ತಿ, ಮೆಲ್ಲಗೆ ಎತ್ತಿದಳು. ಸೋಪಿನ ಮೇಲೆ ಅಕ್ಷರಗಳು ನೆಟ್ಟಗೆ ನಿಂತವು.

'ನಿಮ್ಮ ಜೊತೆ ಇರಬಹುದಾ?'

"ಅಯ್ಯೋ ಅಮ್ಮಾ..." ಅವಳು ಸೋಪು ಹಿಡಿದುಕೊಂಡೇ ಖಾಲಿ ಸ್ಟೂಲಿನತ್ತ ತಿರುಗಿದಳು. "ಏನು ಮಾಡಿಬಿಟ್ಟೆಯೇ ಅಮ್ಮಾ!"

ಮರದ ಅಂಗಡಿಯವರಿಂದ ವಿಳಾಸ ಸಿಕ್ಕಿತು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ದಾರಿಯುದ್ದಕ್ಕೂ ಒಂದೇ ಭಯ. ಅವನ ಮನೆಯಲ್ಲಿ ಈಗ ಇನ್ಯಾರೋ ಇದ್ದರೆ?

ಕುರ್ಚಿ ರಿಪೇರಿಯ ಸಣ್ಣ ಅಂಗಡಿ. ಒಳಗೆ ಒಬ್ಬನೇ ಇದ್ದ. ಕಿವಿಯ ಪಕ್ಕ ನರೆ ಇಣುಕಿತ್ತು. ಅವಳನ್ನು ಕಂಡವನೇ ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿದ.

"ಅಮ್ಮ ಚೆನ್ನಾಗಿದ್ದಾರಾ?"

"ಅಮ್ಮ ಹೋದಳು."

ಅವನು ಸುಮ್ಮನೆ ಹಲಗೆಯ ಮೇಲೆ ಕೂತುಬಿಟ್ಟ.

"ಅವತ್ತು ನಾನು ಬೇಡ ಅಂದಿದ್ದು ಅಚ್ಚಿನ ಆಳಕ್ಕೆ ಕಣ್ರೀ! ನೀವು ಬರೆದಿದ್ದು ನಾನು ನೋಡೇ ಇಲ್ಲ. ಅಮ್ಮ ಕಾಗದ ಅಂಟಿಸಿದ್ದಳು. ನಿಮ್ಮ ತಪ್ಪು ಅಂದ್ಕೊಂಡು, ನಿಮ್ಮನ್ನ ಕಾಪಾಡೋಕೆ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸೋಪು ಮಾಡೋ ಮನೆಗೆ ಯಾರಾದ್ರೂ ಅಚ್ಚಿನ ತಳದಲ್ಲಿ ಬರೀತಾರಾ? ಕಾಗದ ಹಾಸೋದು ಗೊತ್ತಿರಲಿಲ್ವಾ ನಿಮಗೆ?"

"ನಾನು ಬರೋ ಹೊತ್ತಿಗೆ ಅಚ್ಚು ಖಾಲಿ ಇರ್ತಿತ್ತು," ಎಂದ ಅವನು. "ನಂಗೆ ಅಚ್ಚು ಮಾಡೋದಷ್ಟೇ ಗೊತ್ತಿತ್ತು."

ಇಬ್ಬರಿಗೂ ನಗು ಬಂತು. ನಗುವಿನ ನಡುವೆಯೇ ಅವಳು ಬಿಕ್ಕಿದಳು.

"ಅಮ್ಮನ ಮೇಲೆ ಕೋಪ ಮಾಡ್ಕೋಬೇಡಿ," ಎಂದ ಅವನು.

"ಕೋಪ ಮಾಡ್ಕೊಳ್ಳೋಕೆ ಅವಳಿರಬೇಕಲ್ರೀ..."

ಅವನು ಬೆನ್ನ ಹಿಂದಿನ ಕೈಯನ್ನು ನಿಧಾನವಾಗಿ ಮುಂದೆ ತಂದ. ಎರಡು ಬೆರಳು ಇರಲಿಲ್ಲ.

"ಗರಗಸದ ಮಿಷನ್ನು. ಹೋದ ವರ್ಷ. ಕೆತ್ತೋ ಕೆಲಸ ಮುಗೀತು. ಈಗ ಬರೀ ಕುರ್ಚಿ ಕಾಲು ಅಂಟಿಸ್ತೀನಿ. ಅವತ್ತು ಕೇಳಿದ್ದನ್ನ ಇವತ್ತು ಕೇಳೋ ಯೋಗ್ಯತೆ ನಂಗಿಲ್ಲ. ನೀವು ಹೊರಡಿ, ಬಸ್ಸು ತಪ್ಪುತ್ತೆ."

ಅವಳು ಹೊರಡಲಿಲ್ಲ. ಅವನೆದುರಿನ ಮುರುಕು ಕುರ್ಚಿ ಎಳೆದು, ಅದು ಅಲುಗಾಡಿದರೂ ಗಟ್ಟಿಯಾಗಿ ಕೂತಳು.

"ಕೆತ್ತೋದೇನೂ ಬೇಡ. ಬಾಯಿ ಇದೆಯಲ್ಲ, ಹೇಳಿ. ನಂಗೆ ಕಿವಿ ಇದೆ."

ಅವನು ನೆಲ ನೋಡಿದ. ಗೋಡೆ ನೋಡಿದ. ತುಟಿ ಎರಡು ಸಲ ತೆರೆದು ಮುಚ್ಚಿತು. ಅವಳು ಕಾದಳು.

"ಒಬ್ಬನೇ ಊಟ ಮಾಡಿ ಮಾಡಿ ಸಾಕಾಗಿದೆ," ಕೊನೆಗೂ ಅಂದ.

"ನಂಗೂ."

"ಬರ್ಲಾ?"

"ಬನ್ನಿ."

ಅಂಗಡಿಯ ಹಿಂಬದಿಯ ಸ್ಟವ್ ಮೇಲೆ ಕಾಯುತ್ತಿದ್ದ ಕುರ್ಚಿ ಅಂಟಿಸುವ ಗೋಂದು ಉಕ್ಕಿ ಚೊರ್ ಎಂದಿತು. ಅವನು ಏಳುವಷ್ಟರಲ್ಲಿ ಅವಳೇ ಎದ್ದು ಹೋಗಿ, ಸೆರಗಿನ ತುದಿಯಿಂದ ಡಬ್ಬಿಯನ್ನು ಕೆಳಗಿಳಿಸಿದಳು.