ಅಳತೆ ತಪ್ಪಿದ ಹಸಿರು ಜಂಪರ್

"ಅವ್ವ ಒಪ್ಪ್ಯಾಳ!" ಎನ್ನುತ್ತ ಅಯ್ಯಣ್ಣ ಸೀರೆಯ ಪೊಟ್ಟಣವನ್ನು ಕಸ್ತೂರಿಯ ಮುಂದಿಟ್ಟ. ನಗು ತಡೆಯಲಾಗದೆ ಅವನ ಮೀಸೆ ಕುಣಿಯುತ್ತಿತ್ತು.

ಕಸ್ತೂರಿಗೆ ಕತ್ತರಿ ಎಲ್ಲಿಟ್ಟೆನೆಂಬುದೇ ಮರೆತುಹೋಯಿತು. ಎರಡು ವರ್ಷದಿಂದ ಕಾದ ಮಾತು ಅದು. ಈ ಹುಣಸಗಿ ದನದ ದವಾಖಾನೆಯ ಕಂಪೌಂಡರ್, ಸುರಪುರದ ರಂಗಂಪೇಟೆಯಲ್ಲಿದ್ದ ಅವಳ ಹೆಂಗಸರ ಟೇಲರ್ ಅಂಗಡಿಗೆ ವಾರಕ್ಕೊಮ್ಮೆ ಗುಂಡಿ ಹಚ್ಚಿಸಲು ಬರುತ್ತಿದ್ದ. ಗುಂಡಿಯನ್ನು ಬಸ್ಸಿನಲ್ಲಿ ತಾನೇ ಕಿತ್ತುಕೊಳ್ಳುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಗುಂಡಿಯನ್ನು ಸಡಿಲಾಗಿ ಹಚ್ಚುತ್ತಿದ್ದಳು.

ಪೊಟ್ಟಣ ಬಿಚ್ಚಿದಳು. ಬೂದು ಬಣ್ಣ, ಸಾದಾ ಅಂಚು. ಸುರಪುರದ ಅರ್ಧ ಮದುಮಕ್ಕಳಿಗೆ ಸೀರೆಯ ಮೇಲಿನ ಜಂಪರ್ ಹೊಲಿದವಳಿಗೆ ಆ ಸೀರೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದು ಉಡಿಕಿ ಸೀರಿ ಅಲ್ಲೇನ್ರಿ?"

ಅವನ ನಗು ಅರ್ಧಕ್ಕೆ ನಿಂತಿತು. "ಗಂಡ ಸತ್ತಾಕಿಗೆ ನಮ್ಮೊಳಗ ಉಡಿಕಿನೇ ಪದ್ಧತಿ, ನಿನಗೂ ಗೊತ್ತದ. ಅಮಾಸಿ ಕತ್ತಲದಾಗ ಗುಡಿ ಹಿಂದ ಸೀರಿ ಉಡಿಸಿ ಕರಕೊಂಡು ಬರೋದು. ಅರಿಷಿಣ ಇಲ್ಲ, ಬಾಜಾ ಇಲ್ಲ. ಒಂದು ತಾಸಿನ ಮಾತು ಕಸ್ತೂರಿ. ಬೆಳಗಾದರ ನೀ ನನ್ನ ಹೆಂಡ್ತಿ."

"ಮುತ್ತೈದೆಯರು?"

"ಅವರು ನೋಡಬಾರದು ಅಂತಾರ."

"ನಾ ಏನು ಕಳುವು ಮಾಡೀನಿ, ಕತ್ತಲದಾಗ ಬರಾಕ?"

ಹದಿನೆಂಟು ವರ್ಷದಿಂದ ಅವಳು ಕೇಳಬೇಕೆಂದಿದ್ದ ಪ್ರಶ್ನೆ ಅದು.

ಒಂಬತ್ತನೇ ವಯಸ್ಸಿಗೆ, ಅಕ್ಕನ ಮದುವೆಯ ಹಂದರದಲ್ಲೇ ಖರ್ಚು ಉಳಿಯಲೆಂದು ಇವಳಿಗೂ ತಾಳಿ ಕಟ್ಟಿಸಿದ್ದರು. ಇವಳು ಸೋದರಮಾವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಕಟ್ಟಿದ ಹುಡುಗ ಮರುವರ್ಷ ಕುರಿ ಕಾಯುವಾಗ ಹಾವು ಕಚ್ಚಿ ಸತ್ತ. ಅವನ ಮುಖ ಇವತ್ತಿಗೂ ನೆನಪಿಲ್ಲ. ನೆನಪಿರುವುದು ಕುರಿದೊಡ್ಡಿಯ ಕಲ್ಲು, ಅದರ ಮೇಲೆ ಅವಳ ಕೈ ಒತ್ತಿ ಹಿಡಿದು ಬಳೆ ಒಡೆದವರ ಬಲ. ಅವತ್ತಿನಿಂದ, ಮನೆಯವರು ಊರೂರು ಹೊಡೆದುಕೊಂಡು ಹೋಗುವ ಕುರಿ ಹಿಂಡಿನ ಕೊನೆಗೆ ಅವಳ ಜಾಗ. ಮುಂದೆ ಬಂದರೆ ಅಪಶಕುನ. ಸಾವಿರ ಗೊರಸಿನ ಧೂಳು ತಿಂದುಕೊಂಡು ನಡೆದಳು. ಒಂದು ದಿನ ಶಹಾಪುರದ ಹತ್ತಿರ ಹಿಂಡು ಎಡಕ್ಕೆ ಹೊರಳಿತು, ಇವಳು ಬಲಕ್ಕೆ ಹೊರಳಿದಳು. ಅಲ್ಲಿನ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದ ಗೊಲ್ಲಾಳಮ್ಮ ಮುಂದೆ ನಿಂತು ಅವಳನ್ನು ಶಾಲೆಗೆ ಸೇರಿಸಿದಳು, ಹೊಲಿಗೆ ಕಲಿಸಿದಳು. ಒಂದೇ ಹಳೆ ಮಷಿನ್ ಇದ್ದದ್ದು ಈಗ ನಾಲ್ಕಾಗಿದೆ. ಬಾಗಿಲ ಮೇಲೆ ಅವಳದೇ ಹೆಸರಿನ ಬೋರ್ಡಿದೆ.

"ಮತ್ತ ನನ್ನನ್ನ ಹಿಂಡಿನ ಹಿಂದ ನಿಲ್ಲಸಾಕತ್ತೀರಿ," ಎಂದಳು. "ಸೀರಿ ಒಯ್ರಿ."

"ಹಗಲ ಮದಿವಿ ಅಂದರ ಅವ್ವ ಸಾಯ್ತೀನಿ ಅಂತಾಳ ಕಸ್ತೂರಿ. ನಾ ಏನು ಮಾಡ್ಲಿ?"

"ನಿಮ್ಮ ಅಂಗಿ ಗುಂಡಿ ಇನ್ನ ಮ್ಯಾಲ ನೀವೇ ಹಚ್ಕೊಳ್ರಿ."

ಅವನು ಹೋದ ಮೇಲೆ ಅವಳು ಬಾಗಿಲು ಮುಂದೆ ಮಾಡಿಕೊಂಡು ಬಾಯಿಗೆ ಸೆರಗು ತುರುಕಿ ಅತ್ತಳು. ಅವನಿಲ್ಲದೆ ಬದುಕುವುದು ಅವಳಿಗೆ ಬೇಕಿರಲಿಲ್ಲ. ಕತ್ತಲಲ್ಲಿ ಅವನ ಮನೆ ಹೊಗುವುದು ಸಾಧ್ಯವಿರಲಿಲ್ಲ. ಫೋನ್ ರಿಂಗಾದಾಗಲೆಲ್ಲ ಹೊಲಿಗೆ ಬಿಟ್ಟು ಓಡುತ್ತಿದ್ದಳು. ಗಿರಾಕಿಗಳದೇ ಫೋನು.

ಒಂಬತ್ತನೇ ದಿನ ಆಗಬಾರದ್ದು ಆಯಿತು. ಕಕ್ಕೇರಾದ ಮದುಮಗಳೊಬ್ಬಳ ಹಸಿರು ಜಂಪರ್ ಹೊಲಿದು ಮುಗಿಸಿ ನೋಡಿದರೆ ತೋಳು ಉದ್ದ, ಸೊಂಟ ಸಣ್ಣ. ಗೋಡೆಗೆ ಬರೆದಿಟ್ಟ ಅಳತೆ ಬಿಟ್ಟು ಕೈ ಅವಳದೇ ಮೈಯ ಅಳತೆಗೆ ಕತ್ತರಿಸಿತ್ತು. ಹನ್ನೆರಡು ವರ್ಷದ ಹೊಲಿಗೆಯಲ್ಲಿ ಮೊದಲ ತಪ್ಪು. ಬೇರೆ ಬಟ್ಟೆ ತಂದು ರಾತ್ರೋರಾತ್ರಿ ಹೊಲಿದುಕೊಟ್ಟಳು. ಕೆಟ್ಟದ್ದನ್ನು ಬಿಸಾಕಲು ಮೂರು ಸಲ ಎದ್ದಳು, ಮೂರು ಸಲವೂ ಮಡಚಿ ಡ್ರಾವರಿನಲ್ಲೇ ಇಟ್ಟಳು.

ಹದಿನೇಳನೇ ದಿನ, ಮಟಮಟ ಮಧ್ಯಾಹ್ನ, ಅಯ್ಯಣ್ಣ ಬಂದ. ಗಡ್ಡ ಬೆಳೆದಿತ್ತು. ಅಂಗಿಗೆ ಎರಡು ಗುಂಡಿ ಇರಲಿಲ್ಲ. ಅವನ ಹಿಂದೆ ಬಳೆಯ ಬುಟ್ಟಿ ಹೊತ್ತ ಖಾಜಾಬೀ, ಸುರಪುರದ ಮದುವೆ ಮನೆಗಳಿಗೆಲ್ಲ ಬಳೆ ಇಡಿಸುವ ಮುದುಕಿ.

"ಅವ್ವ ಬರಾಂಗಿಲ್ಲ," ಎಂದ. "ಅರಿಷಿಣ ಹಚ್ಚಾಕ ನಮ್ಮ ಮನಿಯಿಂದ ಒಬ್ಬಾಕಿನೂ ಬರಾಂಗಿಲ್ಲ. ಹಗಲ ಹೊತ್ತಿನಾಗ ಮದಿವಿ ಆಗ್ತೀನಿ ಅಂತ ಎಲ್ಲಾರ ಎದುರಿಗೆ ಹೇಳಿ ಬಂದೇನಿ."

"ಅವ್ವನ ಬಿಟ್ಟು ಸುಖ ಆದೀತೇನ್ರಿ ನಿಮಗ?"

"ಆಗಾಂಗಿಲ್ಲ. ನಿನ್ನ ಬಿಟ್ಟರೂ ಆಗಾಂಗಿಲ್ಲ, ಹದಿನೇಳು ದಿನ ನೋಡೇನಿ. ಅಮಾಸಿ ಕತ್ತಲ ಅಂದೆನಲ್ಲ, ಆ ಮಾತು ನನ್ನ ಬಾಯಿಂದ ಬರಬಾರದಿತ್ತು."

ಅವಳು ಡ್ರಾವರ್ ಎಳೆದು ಜಂಪರನ್ನು ಟೇಬಲ್ಲಿನ ಮೇಲಿಟ್ಟಳು. "ಗಿರಾಕಿ ಬಟ್ಟಿ ಕೆಡಿಸೀನಿ, ನಿಮ್ಮ ಸಲವಾಗಿ."

ಅಯ್ಯಣ್ಣ ಆ ಹಸಿರನ್ನು ನೋಡಿದ, ಅವಳ ತೋಳು ನೋಡಿದ. ಅವನ ಕಣ್ಣು ತುಂಬಿ ಬಂದವು.

ಖಾಜಾಬೀ ಅಂಗಡಿಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಬೀದಿಗೆಲ್ಲ ಕಾಣುವಂತೆ ಕೂತು ಹಸಿರು ಬಳೆ ತೆಗೆದಳು. ಕಸ್ತೂರಿ ಎದುರು ಕೂತು ಕೈ ಚಾಚಿದಳು. ಕೈ ಮುಷ್ಟಿಯಾಯಿತು. ಬಿಚ್ಚಲು ಹೋದಷ್ಟೂ ಬಿಗಿಯಿತು. ಕುರಿದೊಡ್ಡಿಯ ಆ ಕಲ್ಲು ಇನ್ನೂ ಅಂಗೈ ಕೆಳಗೇ ಇತ್ತು. ಎದುರಿನ ಕಿರಾಣಿ ಅಂಗಡಿಯವರು ಎದ್ದು ನಿಂತು ನೋಡತೊಡಗಿದರು.

"ಆಗವಲ್ದು," ಎಂದಳು. "ಒಡೀತಾವ."

"ಒಡದರ ಮತ್ತ ಇಡಸ್ತೀನಿ ಬೇಟಾ, ಬುಟ್ಟಿ ತುಂಬ ಅದಾವ," ಎಂದಳು ಖಾಜಾಬೀ. "ಕೈ ಸಡಲ ಬಿಡು."

ಅಯ್ಯಣ್ಣ ಬಿಸಿಲಲ್ಲೇ ಮೊಣಕಾಲೂರಿ ತನ್ನ ಅಂಗೈಯನ್ನು ಅವಳ ಮುಷ್ಟಿಯ ಕೆಳಗೆ ಹಿಡಿದ. ಒತ್ತಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಹಿಡಿದ.

ಬಹಳ ಹೊತ್ತಿನ ಮೇಲೆ ಅವಳ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಮೊದಲ ಬಳೆ ಒಡೆಯದೆ ಮಣಿಕಟ್ಟಿಗೆ ಇಳಿಯಿತು.